ಔಷಧಿ ಹೊಡೆಯುವ ಸೈಕಲ್ಲು

ನಾನು ಹೆಚ್ಚು ಮಾತಾಡುವವನಲ್ಲ, ಯಾರ ತಂಟೆಗೂ ಹೋಗುವವನಲ್ಲ. ಆದರೂ ನಗೆಪಾಟಲಾಗುವ ಸಂದರ್ಭಗಳು ನನ್ನ ಮನೆ ಬಾಗಿಲು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಸೈಕಲ್ಲಿಗೆ ಎಂಜಿನ್ ಕೂರಿಸಲು ಹೊರಟ ವರ್ಷವಂತೂ ಅವು ಸಾಲುಗಟ್ಟಿ ಬಂದವು.

ಮೊದಲು ಕಾರಣ ಹೇಳಿಬಿಡುತ್ತೇನೆ. ನಾನಿರುವುದು ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ, ಬೇರಿಕೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನನ್ನ ಹೆಂಡತಿಯ ತವರು ಉದ್ದನಪಲ್ಲಿ. ಅವಳಿಗೆ ಬಸ್ಸಿನ ವಾಸನೆ ಆಗುತ್ತಿರಲಿಲ್ಲ, ಹತ್ತಿದ ಕೂಡಲೇ ವಾಂತಿ. ಹಾಗಾಗಿ ತವರಿಗೆ ಹೋಗುವುದೆಂದರೆ ನನ್ನ ಸೈಕಲ್ಲಿನ ಕ್ಯಾರಿಯರ್ರೇ ಗತಿ. ಅವರ ಮನೆ ಮುಟ್ಟುವ ಮುಂಚೆ ಒಂದು ಉದ್ದನೆಯ ಏರು ಇದೆ. ಅಲ್ಲಿಗೆ ಬಂದಾಗ ನಾನು ಏದುಸಿರು ಬಿಡುತ್ತ "ಇಳಿ" ಎನ್ನುತ್ತಿದ್ದೆ. ಅವಳು ಇಳಿದು, ಸೆರಗು ಸಿಕ್ಕಿಸಿಕೊಂಡು, ಪಕ್ಕದಲ್ಲಿ ನಡೆಯುತ್ತ ಹೇಳುತ್ತಿದ್ದಳು: "ಒಂದ್ಸಲನಾದ್ರೂ ನನ್ನ ಇಳಿಸ್ದಂಗೆ ಈ ಏರು ಹತ್ಸಿ ಮೇಷ್ಟ್ರೇ. ನಮ್ಮಮ್ಮ ಬಾಗ್ಲಲ್ಲಿ ನಿಂತು ನೋಡ್ಲಿ."

"ಎಂಜಿನ್ ಕೂರಿಸಿ ಹತ್ತಿಸ್ತೀನಿ" ಎಂದು ಮಾತು ಕೊಟ್ಟಿದ್ದೆ. ಕೂರಿಸುವ ಮೊದಲೇ ಅವಳು ಜ್ವರ ಬಂದು ತೀರಿಕೊಂಡಳು.

ಆಮೇಲೂ ಕೆಲವು ಸಲ ಉದ್ದನಪಲ್ಲಿಗೆ ಬಸ್ಸಿನಲ್ಲಿ ಹೋದೆ. ಅತ್ತೆ ಕಾಫಿ ಕೊಡುವರು. ಅವರು ತಮ್ಮ ಲೋಟ ನೋಡುವರು, ನಾನು ನನ್ನ ಲೋಟ ನೋಡುವೆ. ಅವಳ ಹೆಸರು ಎತ್ತುವ ಧೈರ್ಯ ಇಬ್ಬರಿಗೂ ಇಲ್ಲ. ಬೇರೆ ಮಾತು ಇಬ್ಬರಿಗೂ ಗೊತ್ತಿಲ್ಲ. ಬರುಬರುತ್ತ ಹೋಗುವುದನ್ನೇ ಬಿಟ್ಟೆ. ಹೀಗಿರುವಾಗ ಒಂದು ದಿನ ಹೊಸೂರಿನ ಗುಜರಿ ಅಂಗಡಿಯಲ್ಲಿ, ತೋಟಕ್ಕೆ ಔಷಧಿ ಹೊಡೆಯುವ ಮಿಷನ್ನಿನ ಹಳೆಯ ಪೆಟ್ರೋಲ್ ಎಂಜಿನ್ ಕಣ್ಣಿಗೆ ಬಿತ್ತು. ಅರ್ಧಕ್ಕೆ ಬಿಟ್ಟ ಲೆಕ್ಕ ಕಂಡರೆ ನನಗೆ ಆಗುವುದಿಲ್ಲ. ಕೊಂಡು ತಂದೆ.

ಒಂದು: ಹಿಂದಕ್ಕೆ

ಕ್ಯಾರಿಯರ್ ಖಾಲಿ ಇರಲೇಬೇಕು ಎಂಬುದು ನನ್ನ ಮೊದಲ ನಿಯಮ. ಹಾಗಾಗಿ ಎಂಜಿನ್ನನ್ನು ಮುಂದಿನ ಚಕ್ರದ ಮೇಲೆ, ಹ್ಯಾಂಡಲ್ಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಕೂರಿಸಿದೆ. ಎಂಜಿನ್ನಿನ ತುದಿಯಲ್ಲಿ ಒಂದು ಉರುಳೆ. ಲಿವರ್ ಇಳಿಸಿದರೆ ಉರುಳೆ ಟೈರನ್ನು ಒತ್ತುತ್ತದೆ, ಎತ್ತಿದರೆ ಬಿಡುತ್ತದೆ. ಉರುಳೆ ತಿರುಗಿದರೆ ಚಕ್ರ ತಿರುಗುತ್ತದೆ, ಸೈಕಲ್ ಹೋಗುತ್ತದೆ. ಕಾಗದದ ಮೇಲೆ ಒಂದು ತಪ್ಪೂ ಇರಲಿಲ್ಲ.

ಒಂದನ್ನು ಮುಟ್ಟಿಕೊಂಡು ಇನ್ನೊಂದು ತಿರುಗುವಾಗ ಎರಡೂ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ ಎಂಬುದನ್ನು ನಾನು ವರ್ಷ ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದ್ದೇನೆ. ಬೋರ್ಡಿನ ಮೇಲೆ ಮಾತ್ರ.

ಬೆಳಿಗ್ಗೆ ಬೀದಿಯಲ್ಲಿ ನಿಂತು ಹಗ್ಗ ಎಳೆದೆ. ಎಂಜಿನ್ ಗುಡುಗಿತು. ಬೀದಿಯ ಬಾಗಿಲುಗಳೆಲ್ಲ ತೆರೆದವು. ನಾನು ಕೂತು, ಮುಂದೆ ನೋಡಿಕೊಂಡು, ಲಿವರ್ ಇಳಿಸಿದೆ. ಸೈಕಲ್ ಹಿಂದಕ್ಕೆ ಹೊರಟಿತು. ಪೆಡಲುಗಳು ಉಲ್ಟಾ ತಿರುಗಿ ಮೀನಖಂಡಕ್ಕೆ ಹೊಡೆದವು. ನಾನು ಮುಂದಕ್ಕೆ ಮುಖ ಮಾಡಿಕೊಂಡೇ ಎದುರುಮನೆ ಅಜ್ಜಿಯ ರಂಗೋಲಿ ದಾಟಿ, ನನ್ನದೇ ಗೇಟಿಗೆ ಬೆನ್ನು ಕೊಟ್ಟು ನಿಂತೆ.

ಅಜ್ಜಿ ಪೊರಕೆ ಹಿಡಿದುಕೊಂಡೇ ಕೇಳಿದರು: "ಯಾಕ್ ಮೇಷ್ಟ್ರೇ, ಮನೇಲೇನಾರ ಮರ್ತು ಬಂದ್ರಾ?"

ಎರಡು: ತಪಾಸಣೆ

ಎಂಜಿನ್ನನ್ನು ತಿರುಗಿಸಿ ಕೂರಿಸಿದೆ. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ನಮ್ಮ ಬೀದಿಯ ಗಂಡಸರೆಲ್ಲ ಕಾರ್ಖಾನೆಯವರು. ಪಾಳಿ ಮುಗಿಸಿ ಬಂದರೂ ಪಾಳಿ ಅವರನ್ನು ಬಿಡುವುದಿಲ್ಲ. ಆಗ ತಾನೆ ಎಲ್ಲರ ಸೊಂಟಕ್ಕೂ ಮೊಬೈಲಿನ ಚೀಲ ಬಂದಿತ್ತು. ಆ ಚೀಲಗಳ ಸಮೇತ ಮೂವರು ಬಂದು ನನ್ನ ಸೈಕಲ್ ಸುತ್ತ ನಿಂತರು.

ಅಸೆಂಬ್ಲಿಯವನು ಒಂದೊಂದೇ ನಟ್ಟು ಬಿಗಿದು, ಬಿಗಿದದ್ದಕ್ಕೆಲ್ಲ ಹಳದಿ ಬಣ್ಣದ ಚುಕ್ಕೆ ಇಟ್ಟ. ಸ್ಟೋರ್ಸಿನವನು, "ಸಾರ್, ಇದಕ್ಕೆ ಸ್ಪೇರ್ ಎಲ್ಲಿ ಇಟ್ಟಿದ್ದೀರ?" ಎಂದು ಮನೆಯೊಳಗೆ ಹೋಗಿ ನೋಡಿ ಬಂದ. ಒಳಗೆ ಒಂದು ಚಾಪೆ, ಒಂದು ಸ್ಟೌ, ಒಂದು ತಟ್ಟೆ. "ಸ್ಟಾಕ್ ಬಾಳ ಕಮ್ಮಿ ಐತೆ ಸಾರ್" ಎಂದ. ಅವನು ಸೈಕಲ್ಲಿನ ವಿಷಯ ಹೇಳಿದನೆಂದೇ ನಾನು ತಿಳಿದುಕೊಂಡೆ.

ಕ್ವಾಲಿಟಿಯವನು ಮಂಡಿಯೂರಿ ನೋಡಿದ, ಮೂಸಿದ, ಬೆರಳಲ್ಲಿ ಎಣ್ಣೆ ಮುಟ್ಟಿದ. ಜೇಬಿನಿಂದ ಕೆಂಪು ಸ್ಟಿಕ್ಕರ್ ತೆಗೆದು ಎಂಜಿನ್ನಿನ ಮೇಲೆ ಅಂಟಿಸಿಬಿಟ್ಟ. ರಿಜೆಕ್ಟ್.

"ಯಾಕಪ್ಪಾ?"

"ಎಣ್ಣೆ ಒಸರ್ತದೆ ಸಾರ್."

ವಾಷರ್ ಬದಲಾಯಿಸಿದೆ, ಒಸರುವುದು ನಿಂತಿತು. ಕರೆದು ತೋರಿಸಿದೆ. ತಲೆಯಾಡಿಸಿ ಒಪ್ಪಿಕೊಂಡ. "ಹಾಗಾದರೆ ಸ್ಟಿಕ್ಕರ್ ತೆಗಿ" ಎಂದೆ.

"ನಾನ್ ಹಾಕಿದ್ದನ್ನ ನಾನೇ ತೆಗೆಯಂಗಿಲ್ಲ ಸಾರ್, ರೂಲ್ಸು. ಎರಡ್ನೇ ಶಿಫ್ಟಿನೋನು ಬಂದು ನೋಡಿ ತೆಗೀಬೇಕು."

"ಅವರೆಲ್ಲಿ?"

"ಊರಿಗೆ ಹೋಗವ್ನೆ. ಮದ್ವೆಯಂತೆ. ಬಂದ್ಮೇಲೂ ಇಲ್ಲಿಗ್ ಬತ್ತಾನೋ ಇಲ್ವೋ."

ಮೂರು: ಮಂದು

ಎಂಜಿನ್ನಿನ ಹದ ಹಿಡಿಯುವುದೆಂದರೆ ಓಡಿಸಿ ನೋಡುವುದು, ನಿಲ್ಲಿಸಿ ಕಾರ್ಬೊರೇಟರಿನ ತಿರುಪು ಒಂದಿಷ್ಟು ತಿರುಗಿಸುವುದು, ಮತ್ತೆ ಓಡಿಸುವುದು. ಗಾಳಿ ಹೆಚ್ಚಾದರೆ ಕೆಮ್ಮುತ್ತದೆ, ಪೆಟ್ರೋಲ್ ಹೆಚ್ಚಾದರೆ ಹೊಗೆ ಉಗುಳುತ್ತದೆ. ಶಾಲೆ ಇಲ್ಲದ ದಿನಗಳಲ್ಲಿ ಗುಲಾಬಿ ತೋಟ, ಟೊಮೊಟೊ ತೋಟಗಳ ನಡುವಿನ ದಾರಿಗೆ ಹೋಗುತ್ತಿದ್ದೆ. ಅಲ್ಲಿ ಯಾರೂ ಸಿಗುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡಿದ್ದೆ.

ಮೊದಲ ದಿನವೇ ತೋಟದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನನ್ನ ಸದ್ದು ಕೇಳಿ ತಲೆಯೆತ್ತಿದರು. "ಮಂದು! ಮಂದು!" ಎಂದು ಒಬ್ಬಳು ತೆಲುಗಿನಲ್ಲಿ ಕೂಗಿದಳು. ಮಂದು ಎಂದರೆ ಔಷಧಿ. ಆ ಎಂಜಿನ್ನಿನ ಸದ್ದು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಎಲ್ಲರೂ ಒಟ್ಟಿಗೆ ಸೆರಗು ಮೂಗಿಗೆ ಒತ್ತಿಕೊಂಡು, ಬುತ್ತಿಯ ಪಾತ್ರೆ ಎತ್ತಿಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತರು. ನಾನು ಗಂಭೀರವಾಗಿ ದಾಟಿಹೋದೆ. ದಾರಿಯುದ್ದಕ್ಕೂ ಇದೇ. ಯಾವ ಮಂತ್ರಿಗೂ ಇಷ್ಟು ಜನ ಎದ್ದು ನಿಂತಿರಲಾರರು.

ಕೊನೆಯ ತೋಟದವನು ಬದುವಿನ ಮೇಲೆ ಓಡಿಬಂದು ಅಡ್ಡ ನಿಂತ. ಸೈಕಲ್ಲನ್ನು ಸುತ್ತು ಬಂದು ನೋಡಿದ.

"ಟ್ಯಾಂಕ್ ಎಲ್ಲಿ ಸಾರ್?"

"ಟ್ಯಾಂಕ್ ಇಲ್ಲಪ್ಪ. ನಾನು ಔಷಧಿ ಹೊಡೆಯೋನಲ್ಲ. ಸುಮ್ಮನೆ ಹೋಗ್ತಾ ಇದ್ದೀನಿ."

ಅವನು ತನ್ನ ತೋಟದ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದ: "ಪರ್ವಾಗಿಲ್ಲ, ದಿನಾ ಹಿಂಗೇ ಹೋಗಿ ಸಾರ್. ಸದ್ದಿಗೇ ಅರ್ಧ ಹುಳ ಓಡೋಯ್ತವೆ."

ನಾಲ್ಕು: ಮಾರಾಟವಾಗದ ರಾಗಿ

ಖಾಲಿ ಸೈಕಲ್ಲು ಚೆನ್ನಾಗಿ ಓಡಿತು. ಆದರೆ ನಾನು ಮಾತು ಕೊಟ್ಟದ್ದು ಖಾಲಿ ಸೈಕಲ್ಲಿನ ವಿಷಯವಾಗಿ ಅಲ್ಲವಲ್ಲ. ಹದ ಹಿಡಿಯಬೇಕಾದರೆ ತೂಕ ಇರಬೇಕು.

ಈ ನಡುವೆ ಸುಗ್ಗಿ ಮುಗಿದು ಅತ್ತೆ ಕಳಿಸಿದ್ದ ರಾಗಿ ಮೂಟೆ ಮೂಲೆಯಲ್ಲಿ ಹಾಗೇ ಕೂತಿತ್ತು. ಒಬ್ಬನಿಗಾಗಿ ಮುದ್ದೆ ತಿರುವಲು ನನ್ನ ಕೈ ಏಳುತ್ತಿರಲಿಲ್ಲ. ಮೂಟೆಯನ್ನು ಕ್ಯಾರಿಯರ್ರಿಗೆ ಕಟ್ಟಿದೆ. ಅವಳು ಕೂತಾಗ ಹಿಂದಿನ ಟೈರು ಎಷ್ಟು ತಗ್ಗುತ್ತಿತ್ತು ಎಂಬುದು ನನ್ನ ಕಣ್ಣಿಗೆ ಗೊತ್ತು. ಮೂಟೆಯ ತೂಕ ತುಸು ಹೆಚ್ಚಾಗಿತ್ತು. ಬೊಗಸೆ ಬೊಗಸೆಯಾಗಿ ತೆಗೆದು, ಬಗ್ಗಿ ನೋಡಿ, ಮತ್ತೆ ತೆಗೆದು, ಸರಿ ಮಾಡಿದೆ.

ಬೇಸಿಗೆ ರಜೆಯಲ್ಲಿ ದಿನಾ ಬೆಳಿಗ್ಗೆ ಮೂಟೆಯೊಂದಿಗೆ ಹೊರಡುವುದು, ಬಿಸಿಲೇರುವಾಗ ಮೂಟೆಯೊಂದಿಗೆ ಬರುವುದು. ತಿರುವುಗಳಲ್ಲಿ "ಗಟ್ಟಿಯಾಗಿ ಹಿಡ್ಕೋ" ಎಂದುಬಿಡುತ್ತಿದ್ದೆ, ಅಭ್ಯಾಸಬಲ. ಮತ್ತಿಗಿರಿಯ ಟೀ ಅಂಗಡಿಯವನು ಇದನ್ನೆಲ್ಲ ನೋಡುತ್ತಲೇ ಇದ್ದ. ಒಂದು ದಿನ ನನ್ನ ಸೈಕಲ್ ತಡೆದು ನಿಲ್ಲಿಸಿ, ಕೇಳದೆಯೇ ಟೀ ಕೊಟ್ಟು, ಯಾರಿಗೂ ಕೇಳಿಸದಂತೆ ಹತ್ತಿರ ಬಂದು ಹೇಳಿದ:

"ಮನಸ್ಸಿಗೆ ಹಚ್ಕೋಬೇಡಿ ಸಾರ್. ಇಷ್ಟು ದಿನವಾದ್ರೂ ಮಾರಾಟ ಆಗ್ಲಿಲ್ಲ ಅಂದ್ರೆ, ಸ್ವಲ್ಪ ರೇಟು ಇಳಿಸ್ಬುಡಿ."

ಐದು: ಏರು

ಒಂದು ಭಾನುವಾರ ಉದ್ದನಪಲ್ಲಿಗೆ ಹೊರಟೆ. ಏರಿನ ಬುಡದಲ್ಲಿ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟೆ. ನಡುವೆ ಅದರ ಸದ್ದು ದಪ್ಪವಾಯಿತು. ನಾನೂ ತುಳಿದೆ, ಅದೂ ಎಳೆಯಿತು. ಇಳಿಯದೆ ಮೇಲೆ ಮುಟ್ಟಿದೆವು. "ನೋಡಿದ್ಯಾ" ಎಂದು ಹಿಂದೆ ತಿರುಗಿದೆ. ರಾಗಿ ಮೂಟೆ ಇತ್ತು.

ಸದ್ದು ಕೇಳಿ ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು ಬಾಗಿಲಿಗೆ ಬಂದಿದ್ದರು. ನನ್ನನ್ನು ಕಂಡು ಸೆರಗು ತೆಗೆದರು.

"ಇದೇನಪ್ಪಾ ಮೂಟೆ?"

"ರಾಗಿ, ಅತ್ತೆ."

ಮೂಟೆಯ ಬಾಯಿ ಬಿಚ್ಚಿ ನೋಡಿದರು. "ನಾ ಕಳ್ಸಿದ್ ರಾಗೀನೇ ಅಲ್ವಾ ಇದು! ಹೆಚ್ಚೂಕಮ್ಮಿ ಹಂಗೇ ಐತಲ್ಲ. ಏನ್ ತಿಂತೀಯ ನೀನು? ಯಾಕ್ ಹೊತ್ಕೊಂಡು ಬಂದೆ?"

"ತೂಕಕ್ಕೆ" ಎಂದೆ.

ಅವರು ಮೂಟೆ ನೋಡಿದರು, ಕ್ಯಾರಿಯರ್ ನೋಡಿದರು. ಮತ್ತೆ ಹಳೆಯ ಮೌನ ಬಂದು ಕೂರುತ್ತದೆ ಎಂದುಕೊಂಡೆ. ಅತ್ತೆ ಮೂಟೆಯ ಮೇಲೆ ಕೈಯಿಟ್ಟು ಹೇಳಿದರು: "ಅವ್ಳಿಗಿಂತ ಇದೇ ವಾಸಿ ಬಿಡು. ದಾರಿಯುದ್ದ ಬಾಯ್ ಮುಚ್ಕೊಂಡು ಬಂದಿರ್ತದೆ."

ನನಗೆ ನಗು ಬಂತು. ಅವರೂ ನಕ್ಕರು. ನಗುತ್ತ ನಗುತ್ತ ಇಬ್ಬರೂ ಕಣ್ಣೊರೆಸಿಕೊಂಡೆವು. ಆಮೇಲೆ ಅವರು ಅವಳ ಹೆಸರು ಹಿಡಿದು, ಚಿಕ್ಕವಳಿದ್ದಾಗ ಅವಳ ಬಾಯಿ ಹೇಗಿತ್ತೆಂದು ಹೇಳತೊಡಗಿದರು. ಹೇಳುತ್ತಲೇ ನನ್ನನ್ನು ಎಬ್ಬಿಸಿ, ಏರಿನ ಬುಡದಲ್ಲಿದ್ದ ಮಿಲ್ಲಿಗೆ ಮೂಟೆ ಹೊರಡಿಸಿ, ತಾವೂ ಜೊತೆಗೆ ನಡೆದು ಬಂದರು. ಹಿಟ್ಟು ಮಾಡಿಸಿ ಕೊಡದೆ ಬಿಡುವುದಿಲ್ಲವಂತೆ. ಮಿಲ್ಲಿನವನು ಸಂಜೆಗೆ ಬನ್ನಿ ಎಂದ. ವಾಪಸು ಹೊರಟಾಗ ಕ್ಯಾರಿಯರ್ ಖಾಲಿ ಇತ್ತು. ಅತ್ತೆ ಅದನ್ನೇ ನೋಡಿ, ಹತ್ತಿ ಕೂತುಬಿಟ್ಟರು.

ಅತ್ತೆ ಮಗಳಿಗಿಂತ ಚೆನ್ನಾಗಿ ಉಂಡವರು. ಹಿಂದಿನ ಟೈರು ನಾನೆಂದೂ ನೋಡದಷ್ಟು ತಗ್ಗಿತು. ಏರಿನ ನಡುವೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಹಗ್ಗ ಎಳೆದೆ, ಪ್ರಯೋಜನವಾಗಲಿಲ್ಲ. ಕೆಂಪು ಸ್ಟಿಕ್ಕರ್ ಮಾತ್ರ ಹೊಳೆಯುತ್ತಿತ್ತು.

"ಸ್ವಲ್ಪ ಇಳೀರಿ ಅತ್ತೆ."

"ನಾನ್ಯಾಕಪ್ಪಾ ಇಳೀಲಿ? ಇಳಿಸ್ದಂಗೆ ಹತ್ತಿಸ್ತೀನಿ ಅಂತ ನನ್ ಮಗಳಿಗೆ ಮಾತು ಕೊಟ್ಟೋನು ನೀನಲ್ವಾ? ನಂಗೆ ಎಲ್ಲಾ ಹೇಳವ್ಳೆ ಅವ್ಳು. ತಳ್ಳು."

ತಳ್ಳಿದೆ. ಅತ್ತೆ ಒಂದು ಕೈಯಲ್ಲಿ ಸೀಟು ಹಿಡಿದು, ಎಡಕ್ಕೂ ಬಲಕ್ಕೂ ಪರಿಚಯದವರಿಗೆ ತಲೆಯಾಡಿಸುತ್ತ ಕೂತರು. ಎಂಜಿನ್ ಸತ್ತಿದ್ದರೂ ಪಕ್ಕದ ತೋಟದ ಹೆಂಗಸರು ಆ ಮಿಷನ್ ಕಂಡು ಸೆರಗು ಮೂಗಿಗೆ ಒತ್ತಿಕೊಂಡರು. ಅತ್ತೆ ಅವರನ್ನು ಗದರಿದರು: "ತೆಗೀರೇ ಸೆರಗು! ನಮ್ ಮೇಷ್ಟ್ರ ಗಾಡಿ ಕಣ್ರೇ ಇದು!"

ಮನೆ ಬಾಗಿಲಲ್ಲಿ ಇಳಿದು, ಸೀರೆ ಕೊಡವಿಕೊಂಡು, ಸೈಕಲ್ಲನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಗೋಡೆ ಹಿಡಿದು ಉಸಿರೆಳೆದುಕೊಳ್ಳುತ್ತಿದ್ದೆ.

"ಗಾಡಿ ಚೆನ್ನಾಗೈತೆ ಕಣಪ್ಪ" ಎಂದರು. "ಬರೋ ಭಾನುವಾರ ಬರುವಾಗ ಆ ಎಂಜಿನ್ನು ಬಿಚ್ಚಿಟ್ಟು ಬಾ. ತೂಕ ಕಮ್ಮಿ ಆಯ್ತದೆ, ತಳ್ಳಕ್ಕೆ ನಿಂಗೂ ಸಲೀಸು."