ಕುಂಕುಮ ಇಟ್ಟ ಬಟನ್

ಕಂಪ್ಯೂಟರ್ ರಿಪೇರಿ ಮುಗಿಸಿ ಲೋಕಲ್ ಹತ್ತುವಷ್ಟರಲ್ಲಿ ಅದೇ ಜಾಗದಿಂದ ಫೋನ್ ಬರುವುದು ಈ ಮುಂಬೈಯಲ್ಲಿ ನನಗೆ ಮಾಮೂಲು. ತಪ್ಪು ಮೆಷಿನ್ನಿನದೆಂದು ವಾದಿಸಿ ಎಷ್ಟೋ ಸಲ ಗೆದ್ದಿದ್ದೇನೆ. ಒಂದು ಸಲ ವಾದಿಸದೆಯೇ ಗೆದ್ದೆ. ಅದು ಇನ್ನೂ ಚುಚ್ಚುತ್ತದೆ.

೧. ಹನ್ನೊಂದು ಮಂದಿ

ಕಂಪ್ಯೂಟರಿನೊಳಗೆ ಎಲ್ಲವನ್ನೂ ನಡೆಸುವುದು ಕರ್ನೆಲ್ ಎಂಬ ಮೂಲ ಪ್ರೋಗ್ರಾಂ. ಹೊಸದು ಬಂದಾಗ ಹಳೆಯದನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಬಹುದು. ಬೈಕುಲ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಇರಲಿ ಅಂತ, ಎಲ್ಲ ಹಳೆಯವೂ ಉಳಿಯುವಂತೆ ಸೆಟ್ ಮಾಡಿದ್ದೆ. ಜಾಗ ತುಂಬಿ ಒಂದು ದಿನ ಮೆಷಿನ್ ಏಳಲೇ ಇಲ್ಲ.

"ಹಳೇವು ಎಷ್ಟ ಅದಾವ್ರೀ?" ಎಂದರು ವಿಜಯಪುರ ಕಡೆಯ ಮಾಲೀಕರು.

"ಹನ್ನೊಂದು."

"ನಮ್ಮ ಖೋಲಿನ್ಯಾಗ ಆರು ಮಂದಿ ಮಲಗಿದ್ರ ಬಾಗಿಲಾ ತೆರಿಯಾಂಗಿಲ್ರೀ. ನೀವು ಹನ್ನೊಂದು ಮಂದೀನ್ನ ಮಲಗಿಸೀರಿ!"

೨. ಕುಂಕುಮ

ಅವಮಾನವಾಯಿತು. ಅಂದಿನಿಂದ ಹೊಸದು ಬಂದರೆ ಹಳೆಯದು ಅಳಿಯಬೇಕೆಂಬುದು ನನ್ನ ನಿಯಮ. ಅದನ್ನೇ ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲೂ, ಯಾರನ್ನೂ ಕೇಳದೆ, ಹಾಕಿಬಂದೆ.

ಅಲ್ಲಿ ಅಡುಗೆಮನೆಗೆ ಆರ್ಡರ್ ಚೀಟಿ ಕಳಿಸುವ ಪ್ರಿಂಟರ್ ಹಳೆಯ ಕರ್ನೆಲ್‌ನಲ್ಲಿ ಮಾತ್ರ ಓಡುತ್ತಿತ್ತು. ಕಂಪ್ಯೂಟರ್ ಹಾಕಿದೊಡನೆ ಒಂದು ಪಟ್ಟಿ ಬರುತ್ತದೆ: ಮೇಲಿನ ಸಾಲಿನಲ್ಲಿ ಹೊಸ ಕರ್ನೆಲ್, ಕೆಳಗೆ ಹಳೆಯದು. ಐದು ಸೆಕೆಂಡಿನೊಳಗೆ ಯಾರೂ ಏನೂ ಒತ್ತದಿದ್ದರೆ ಅದು ತಾನೇ ಹೊಸದನ್ನು ಹಿಡಿಯುತ್ತದೆ. ಮರೆಯಬಾರದೆಂದು ಹಿರಿಯ ಕ್ಯಾಶಿಯರ್ ಆಯುಧಪೂಜೆಯ ದಿನ ಕೆಳಬಾಣದ ಬಟನ್ನಿಗೆ ಕುಂಕುಮ ಇಟ್ಟಿದ್ದರು. ದಿನಾ ಬೆಳಿಗ್ಗೆ ಅದನ್ನೊತ್ತಿ ಹಳೆಯದಕ್ಕೆ ಇಳಿಯುತ್ತಿದ್ದರು.

ನಾನು ನಿಯಮ ಹಾಕಿಬಂದ ಮರುದಿನ ಇಳಿಯಲು ಎರಡನೇ ಸಾಲೇ ಇರಲಿಲ್ಲ. ಪ್ರಿಂಟರ್ ಮೂಕಾಯಿತು. ಇಡ್ಲಿ ಕೇಳಿದ ಟೇಬಲ್ಲಿಗೆ ಮೂರು ಸಲ ಶಿರಾ ಹೋಯಿತು.

"ನೀನು ಎಂತ ಒತ್ತಿದ್ದು ಮಾರಾಯ?" ಎಂದು ಹೋಟೆಲ್ ಧಣಿ ಕ್ಯಾಶಿಯರ್ ಮೇಲೆ ಕೂಗಾಡಿದರು.

"ಕುಂಕುಮ ಇಟ್ಟದ್ದನ್ನೇ ಧಣಿ. ದೇವರೇ ಕೈಬಿಟ್ರೆ ನಾನೆಂತ ಮಾಡುದು?"

೩. ಐದು ಸೆಕೆಂಡು

ಫೋನ್ ಬಂದೊಡನೆ ಓಡಿಹೋಗಿ ಹಳೆಯದನ್ನು ಮತ್ತೆ ಹಾಕಿದೆ. ಯಾರೂ ಏನೂ ಒತ್ತದಿದ್ದರೂ ಅದೇ ಏಳುವಂತೆ ಮಾಡಿದೆ. ಮೊದಲೇ ಅಷ್ಟು ಮಾಡಿದ್ದರೆ ಕುಂಕುಮವೂ ಬೇಕಿರಲಿಲ್ಲ.

"ಎಂತ ಆಗಿತ್ತು?" ಎಂದರು ಧಣಿ. ಕ್ಯಾಶಿಯರ್ ನನ್ನ ಮುಖವನ್ನೇ ನೋಡುತ್ತಿದ್ದರು. "ಈಗ ಸರಿಯಾಯಿತು" ಎಂದಷ್ಟೇ ಹೇಳಿ ಬ್ಯಾಗ್ ಎತ್ತಿಕೊಂಡೆ. ಮರುವಾರ ಹೋದಾಗ ಕೌಂಟರಿನಲ್ಲಿ ಧಣಿಯ ಅಳಿಯ ಕೂತಿದ್ದ. ಇಷ್ಟು ವರ್ಷ ಆ ಕುರ್ಚಿಯಲ್ಲಿದ್ದ ಕ್ಯಾಶಿಯರ್, ತಪ್ಪು ಬಟನ್ ಒತ್ತಿದರೆಂಬ ಆರೋಪ ಹೊತ್ತು, ಮೂಲೆಯಲ್ಲಿ ನಿಂತು ಪಾರ್ಸೆಲ್ ಕಟ್ಟುತ್ತಿದ್ದರು. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಎಂಟು ತಿಂಗಳ ಮೇಲೆ ತಡೆಯಲಾರದೆ ಧಣಿಯ ಮುಂದೆ ಎಲ್ಲ ಒಪ್ಪಿಕೊಂಡೆ. "ಈಗ ಅಳಿಯನನ್ನು ಎಬ್ಬಿಸಿದ್ರೆ ಮಗಳು ನನ್ನನ್ನು ಬಿಡ್ತಾಳಾ?" ಎಂದರು ಅವರು.

ಪಾರ್ಸೆಲ್ ಮೂಲೆಗೆ ಹೋಗಿ, "ತಪ್ಪು ನನ್ನದು ಮಾಮ. ಅವತ್ತೇ ಹೇಳಬೇಕಿತ್ತು" ಎಂದೆ.

ಅವರು ಸಾಂಬಾರಿನ ಪೊಟ್ಟಣಕ್ಕೆ ದಾರ ಸುತ್ತುತ್ತಾ ಹೇಳಿದರು: "ನಿಮ್ಮ ಕಂಪ್ಯೂಟರ್ ಕಾಯುದು ಐದು ಸೆಕೆಂಡು. ನಾನು ಎಂಟು ತಿಂಗಳು ಕಾದೆ ಮಾರಾಯ್ರೆ. ಯಾರೂ ಎಂತದೂ ಒತ್ಲಿಲ್ಲ, ಹೊಸದಾಗಿ ಕೂತ ಅಳಿಯನೇ ತನ್ನಿಂತಾನೇ ಖಾಯಂ ಆದ."