ಹುಳಕ್ಕೆ ಸುಳ್ಳು ಹೇಳುವ ಚಿಕ್ಕಿ

ಹುಳಗಳಿಗೆ ಕಿವಿ ಇದೆಯೆಂದು ನಂಬಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು, ಅಂಥವರ ಕೈಯಡುಗೆ ಉಂಡೇ ಬೆಳೆದಿದ್ದೇನೆ! ನನ್ನ ಅಮ್ಮನ ತಂಗಿ, ಅಂದರೆ ನಮ್ಮ ಚಿಕ್ಕಿ, ಕೋಟೇಶ್ವರದ ಹತ್ತಿರ ನಮ್ಮ ಮನೆಯಲ್ಲೇ ಇದ್ದವಳು. ಊರಿನವರೆಲ್ಲ ಮಳೆ, ಬಿಸಿಲು ನೋಡಿ ಬಿತ್ತಿದರೆ ಇವಳು ಹುಳಗಳ ಊಟದ ಹೊತ್ತು ನೋಡಿ ಅಲಸಂಡೆ ಬಿತ್ತುತ್ತಿದ್ದಳು.

ಅರವತ್ತರ ದಶಕದ ಮಾತು. ಚಿಕ್ಕಿಯ ಲೆಕ್ಕಾಚಾರ ಬಲು ಸರಳ. ಮಾವಿನ ಮರ ಹೂ ಬಿಟ್ಟಿತೋ, ಮೋಡ ಕವಿಯುತ್ತದೆ. ಮೋಡ ಕವಿಯಿತೋ, ಅಲಸಂಡೆ ಕುಡಿಗೆ ಕರಿಹೇನೆಂಬ ಹುಳ ಮುತ್ತುತ್ತದೆ. ಆದ್ದರಿಂದ ದೀಪಾವಳಿ ಕಳೆದ ಕೂಡಲೇ ಬಿತ್ತಬೇಕು, ಮಾವು ಹೂ ಬಿಡುವುದರೊಳಗೆ ಕೋಡು ಕೊಯ್ದು ಮುಗಿಸಬೇಕು! ದಿನಾ ಬೆಳಿಗ್ಗೆ ಎದ್ದವಳೇ ಮಾವಿನ ಮರದಡಿ ಕುತ್ತಿಗೆ ಎತ್ತಿ ನಿಲ್ಲುತ್ತಿದ್ದಳು. ಒಂದು ವರ್ಷ ಮರ ಸ್ವಲ್ಪ ಬೇಗ ಚಿಗುರಿದ್ದಕ್ಕೆ, "ನಿಂಗೆಂತ ಅವ್ಸರ? ನಿನ್ನ ಬಸ್ಸ್ ತಪ್ಪತ್ತಾ?" ಎಂದು ಮರಕ್ಕೇ ಬೈದಳು ಪುಣ್ಯಾತ್ಗಿತ್ತಿ!

ಅಷ್ಟಕ್ಕೇ ಮುಗಿಯಿತೇ? ಬಿತ್ತುವ ದಿನ ಹುಳಕ್ಕೆ ಗೊತ್ತಾಗಬಾರದು ಎಂಬುದು ಅವಳ ಇನ್ನೊಂದು ಶಾಸ್ತ್ರ. ಬಿತ್ತನೆಯ ಹಿಂದಿನ ದಿನ ಬೇಲಿಯ ಹತ್ತಿರ ನಿಂತು, ಗದ್ದೆಗೆಲ್ಲ ಕೇಳುವಂತೆ, "ಹ್ವಾಯ್, ಈ ಸಲ ನಮ್ದ್ ಸಂಕ್ರಾಂತಿ ಕಳ್ದೇ ಬಿತ್ತುದ್!" ಎಂದು ಕೂಗುತ್ತಿದ್ದಳು. ಮಾರನೆಯ ದಿನ ಬೆಳಕು ಹರಿಯುವಾಗ ಸದ್ದಿಲ್ಲದೆ ಬಿತ್ತಿ ಮುಗಿಸುತ್ತಿದ್ದಳು. ಪಾಪ, ಆಚೆಮನೆಗೆ ಹೊಸದಾಗಿ ಬಂದ ಸೊಸೆ ಇದನ್ನು ನಂಬಿ ಸಂಕ್ರಾಂತಿ ಕಳೆದೇ ಬಿತ್ತಿದಳು. ಗಿಡವೆಲ್ಲ ಹೇನು ಹತ್ತಿ ಕಪ್ಪಾಯಿತು. ಅವಳು ಸಿಟ್ಟಿನಿಂದ ಬಂದು, "ನಂಗೂ ಸುಳ್ಳ್ ಹೇಳುದಾ ನೀವ್?" ಎಂದು ಕೇಳಿದರೆ ನಮ್ಮ ಚಿಕ್ಕಿ ಏನೆನ್ನಬೇಕು?

"ನಾನ್ ಹುಳಕ್ ಹೇಳದ್ ಹೆಣೆ. ನೀ ಎಂತಕ್ ಕೇಂಬುಕೆ ಹೋದ್ದ್?"

ಇನ್ನೊಮ್ಮೆ ಗ್ರಾಮಸೇವಕರು ಸೈಕಲ್ಲಿನ ಹಿಂದೆ ಪುಡಿಯ ಡಬ್ಬ ಕಟ್ಟಿಕೊಂಡು ಬಂದರು. ಇದನ್ನು ಹೊಡೆದರೆ ಒಂದು ಹುಳವೂ ಉಳಿಯುವುದಿಲ್ಲ ಎಂದು ಭಾಷಣವನ್ನೇ ಬಿಗಿದರು. ಚಿಕ್ಕಿ ಪೂರ್ತಿ ಕೇಳಿ, "ಹುಳ ಬಪ್ಪತಿಗೆ ನಾವ್ ಉಂಡ್ ಕೈ ತೊಳ್ದಾಯ್ರತ್ತ್. ಮತ್ತ್ ಪುಡಿ ಯಾರಿಗ್ ಹೊಡುದ್ ಮರಾಯ್ರೆ?" ಎಂದಳು. ಅವರು ಅಲಸಂಡೆ ಪಲ್ಯದಲ್ಲಿ ಉಂಡು, ಚಿಕ್ಕಿಯ ದೀಪಾವಳಿ ಲೆಕ್ಕವನ್ನೇ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋದರು!

ಈ ಹಟಕ್ಕೆಲ್ಲ ಕಾರಣವಿತ್ತು. ಆ ಬೀಜ ನನ್ನ ಅಜ್ಜಿ, ಅಂದರೆ ಚಿಕ್ಕಿಯ 'ಅಬ್ಬಿ', ಸಾಯುವ ಮುಂಚೆ ಕೊಟ್ಟದ್ದು. ವರ್ಷ ವರ್ಷವೂ ಬೆಳೆದು, ಬೂದಿ ಬೆರೆಸಿ ಮಡಕೆಯಲ್ಲಿಟ್ಟು ಚಿಕ್ಕಿ ಅದನ್ನು ಉಳಿಸಿಕೊಂಡು ಬಂದಿದ್ದಳು. ಒಂದು ವರ್ಷ ಬೆಳೆ ಹೋದರೆ ಬೀಜವೂ ಹೋದ ಹಾಗೆಯೇ.

ನನಗೆ ಬೈಂದೂರಿಗೆ ಮದುವೆಯಾಯಿತು. ಚೊಚ್ಚಲ ಬಸುರಿಯಾದಾಗ, ಸಂಕ್ರಾಂತಿಯ ಹೊತ್ತಿಗೆ, ಮನೆಗೆ ಒಂದು ಕಾಗದ ಹಾಕಿದೆ. ಶಿವರಾತ್ರಿ ಕಳೆದ ಮೇಲೆ ಬಾಣಂತನಕ್ಕೆ ಬರುತ್ತೇನೆ, ಬಾಯಿಗೆ ಏನೂ ಸೇರುವುದಿಲ್ಲ, ಮನೆಯ ಎಳೆ ಅಲಸಂಡೆ ತಿನ್ನಬೇಕೆಂದು ಜೀವ ಹಾತೊರೆಯುತ್ತಿದೆ ಎಂದು ಬರೆದಿದ್ದೆ. ಬಸುರಿಯ ನಾಲಿಗೆ, ಏನೋ ಒಂದು ಬರೆಸಿತು. ಅದು ಅಲಸಂಡೆಯ ಕಾಲವಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ!

ಬಂದ ದಿನ ಮಧ್ಯಾಹ್ನ ಎಲೆಯಲ್ಲಿ ಏನು? ಎಳೆ ಎಳೆ ಅಲಸಂಡೆಯ ಪಲ್ಯ! ಅಬ್ಬಬ್ಬಾ, ಎಂಥ ರುಚಿ! ನಾಚಿಕೆ ಬಿಟ್ಟು ಮೂರು ಸಲ ಬಡಿಸಿಕೊಂಡೆ. ಈಗ ಇದೆಲ್ಲಿ ಸಿಕ್ಕಿತೆಂದು ಕೇಳಿದರೆ ಚಿಕ್ಕಿ, "ಪ್ಯಾಟಿಯದ್ದ್" ಎಂದು ಒಳಗೆ ಹೋದಳು.

ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಅಲ್ಲೇ ನಿಂತೆ. ಗದ್ದೆಯಿಡೀ ಅಲಸಂಡೆ ಗಿಡಗಳು ಕರಿಹೇನು ಹತ್ತಿ ಮುರುಟಿ ಸತ್ತಿದ್ದವು. ಒಂದೇ ಒಂದು ಸಾಲು ಹಸಿರಾಗಿತ್ತು, ಅದರಲ್ಲೂ ಒಂದು ಕೋಡು ಉಳಿದಿರಲಿಲ್ಲ. ಅಮ್ಮ ಹಿಂದಿನಿಂದ ಬಂದು ಹೇಳಿದಳು: "ನಿನ್ನ ಕಾಗ್ದ ಬಂದದ್ದೇ ಚಿಕ್ಕಿ ಮಡ್ಕಿ ಬೀಜ ಪೂರಾ ಬಿತ್ತಿತ್ತ್. ಮಾವಿನ ಹೂಂಗ್ ಕಾಂತಿಲ್ಯಾ ಅಂದ್ರೆ ಕೇಂತಿಲ್ಲೆ. ಆ ಒಂದ್ ಸಾಲ್ ಉಳ್ಸುಕೆ ದಿನಾ ಕೂಕಂಡ್ ಒದ್ದಿ ಬಟ್ಟಿಯಂಗ್ ಕುಡಿ ಕುಡಿ ಒರ್ಸಿತ್ತ್."

ಇದ್ದಷ್ಟು ಕೋಡನ್ನೂ ನಾನೇ ತಿಂದಿದ್ದೆ, ಮೂರು ಸಲ ಬಡಿಸಿಕೊಂಡು. ಒಳಗೆ ಹೋದೆ. ಚಿಕ್ಕಿ ನನ್ನ ಎಲೆ ತೆಗೆಯುತ್ತಿದ್ದಳು.

"ಚಿಕ್ಕಿ, ಹುಳ ಬತ್ತ್ ಅಂದೇಳಿ ಗೊತ್ತಿದ್ದೂ ಎಂತಕ್ ಬಿತ್ತಿದ್ದ್? ಅಜ್ಜಿ ಬೀಜ ಪೂರಾ ಹೋಯ್ತಲೆ!"

ಅವಳು ಎಲೆ ಮಡಚಿ ಎತ್ತಿಕೊಂಡಳು.

"ಅಬ್ಬಿ ಇದ್ದಿದ್ರೂ ನಿಂಗೇ ಬಡಿಸ್ತಿದ್ಲ್ ಹೆಣೆ" ಎಂದಳು.