ಸೂಜಿ ಮೊನೆಯ ಆಪರೇಷನ್ನು

ಮೂಡಿಗೆರೆಯಲ್ಲಿ ಮೂಳೆ ಡಾಕ್ಟರಾಗಿ ಕೂತ ಮೇಲೆ ನಾನು ನಗುವಿಗಾಗಿ ಬೇರೆಲ್ಲೂ ಹೋಗಿಲ್ಲ. ನಗುವೇ ಚೀಟಿ ಹಿಡಿದು ಒಳಗೆ ಬರುತ್ತದೆ. ಅದರಲ್ಲೂ ಮಡಚಿದ ಬೆರಳು ಸಿಕ್ಕಿಕೊಂಡು, ಎಳೆದರೆ ‘ಟಕ್’ ಎಂದು ಬಿಡಿಸಿಕೊಳ್ಳುವ ‘ಟ್ರಿಗರ್ ಫಿಂಗರ್’ ಬಂತೆಂದರೆ ಕೇಳಲೇಬೇಡಿ. ಕೊಯ್ಯದೆ, ಹೊಲಿಗೆ ಹಾಕದೆ, ಬರೀ ಸೂಜಿ ಮೊನೆಯಿಂದ ಅದನ್ನು ಬಿಡಿಸುವುದು ಕಲಿತು ಬಂದ ಹೊಸದರಲ್ಲಂತೂ ಎದುರು ಬಂದವರ ಮುಖಕ್ಕಿಂತ ಮೊದಲು ಬೆರಳು ನೋಡುತ್ತಿದ್ದೆ!

ಕೋವಿಯ ವಿಚಾರ

ಆಲ್ದೂರು ಕಡೆಯ ಪ್ಲಾಂಟರೊಬ್ಬರ ತೋರುಬೆರಳು ಸಿಕ್ಕಿಕೊಂಡಿತ್ತು. ‘ಇದು ಟ್ರಿಗರ್ ಫಿಂಗರ್ ಸರ್’ ಎಂದೆ.

ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದರು: ‘ಹಾಗಂತ ಚೀಟಿಯಲ್ಲಿ ಬರೀಬೇಡಿ ಡಾಕ್ಟ್ರೆ. ಎಲೆಕ್ಷನ್ ಅಂತ ಕೋವಿ ಠಾಣೆಗೆ ಒಪ್ಪಿಸಿ ತಿಂಗಳಾಯ್ತು. ಮತ್ತೆ ಯಾವುದರ ಟ್ರಿಗರ್ ಒತ್ತಿದ್ರಿ ಅಂತ ಪೊಲೀಸರು ಕೇಳಿದ್ರೆ?’

ಐದರ ಪಾಠ

ಒಂದನೇ ಕ್ಲಾಸಿನ ಟೀಚರೊಬ್ಬರು ಅವಸರದಲ್ಲಿ ಬಂದರು. ಉಂಗುರಬೆರಳು ಮಡಚಿಕೊಂಡಿತ್ತು. ‘ಇವತ್ತೇ ಬಿಡಿಸಿ. ನಾಡಿದ್ದು ಸ್ಕೂಲಿಗೆ ಇನ್‌ಸ್ಪೆಕ್ಷನ್!’

‘ಅದಕ್ಕೂ ಇದಕ್ಕೂ ಏನು ಸಂಬಂಧ?’

‘ಐದು ತೋರಿಸಿ ಅಂದ್ರೆ ಮಕ್ಕಳೆಲ್ಲ ನನ್ನನ್ನೇ ನೋಡಿ ಕಲಿತು, ನಾಲ್ಕು ಬೆರಳು ಎತ್ತಿ, ಐದನೇದನ್ನು ಇನ್ನೊಂದು ಕೈಯಲ್ಲಿ ಎಳೆದು, ಬಾಯಲ್ಲಿ “ಟಕ್” ಅಂತಾರೆ!’

ಬಾಳೂರಿನ ಜೀಪು

ನಾನು ಸೂಜಿಯಿಂದ ಮಾಡಿದ ಮೊಟ್ಟಮೊದಲ ಆಪರೇಷನ್ ಮಾತ್ರ ಸಾಯುವ ತನಕ ಮರೆಯಲ್ಲ. ಬಾಳೂರಿನ ಸಣ್ಣ ತೋಟದ ಗೃಹಿಣಿ, ಬಲಗೈ ಬೆರಳು ಸಿಕ್ಕಿಕೊಂಡಿತ್ತು. ಜೀಪಿನಲ್ಲಿ ಗಂಡ, ಅತ್ತೆ, ನಾದಿನಿ, ಹಾಸಿಗೆ, ಫ್ಲಾಸ್ಕು, ಗಂಜಿ ಪಾತ್ರೆ, ಎಲ್ಲ ಬಂದಿತ್ತು. ಆಕೆಯೊಬ್ಬರೇ ಒಳಗೆ ಬಂದರು. ‘ಕಾಫಿ ಕೊಯ್ಲು ಶುರುವಾಗಿದೆ ಡಾಕ್ಟ್ರೆ. ಕೈಗೇನಾದ್ರೂ ಆದ್ರೆ?’

ನನಗೂ ಅದೇ ಭಯ. ತೋರಿಸಿಕೊಳ್ಳಲಿಲ್ಲ ಅಷ್ಟೆ. ಅಂಗೈ ಮರಗಟ್ಟಿಸಿ, ಸೂಜಿ ಚುಚ್ಚಿ, ಚರ್ಮದೊಳಗೆ ಬೆರಳನ್ನು ಹಿಡಿದಿಟ್ಟಿದ್ದ ಪಟ್ಟಿಯನ್ನು ಮೆಲ್ಲಗೆ ಸೀಳಿದೆ. ‘ಈಗ ಮಡಚಿ ಅಮ್ಮ... ಬಿಡಿಸಿ.’

ಬೆರಳು ಸಲೀಸಾಗಿ ನೆಟ್ಟಗಾಯಿತು! ಅವರು ಹತ್ತು ಸಲ ಮಡಚಿದರು, ಹತ್ತು ಸಲ ಬಿಡಿಸಿದರು. ಕಣ್ಣಲ್ಲಿ ನೀರು. ನರ್ಸ್ ಚಪ್ಪಾಳೆ ತಟ್ಟಿದಳು. ನಾನಂತೂ ಕುಣಿಯುವುದೊಂದು ಬಾಕಿ.

‘ಮುಗೀತಾ?’ ಎಂದರು.

‘ಮುಗೀತು. ನಾಲ್ಕು ದಿನದಲ್ಲಿ ಕೊಯ್ಲಿಗೂ ಹೋಗಬಹುದು’ ಎಂದು ಚಿಕ್ಕ ಬ್ಯಾಂಡ್‌ಏಡ್ ಅಂಟಿಸಿದೆ.

ಅದನ್ನು ನೋಡಿದ್ದೇ ಅವರ ಮುಖ ಬಾಡಿತು. ಬಾಗಿಲತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು: ‘ಡಾಕ್ಟ್ರೆ, ದೊಡ್ಡ ಆಪರೇಷನ್ ಅಂತ, ವಾರ ಪೂರ್ತಿ ತಾನೇ ಅಡುಗೆ ಮಾಡ್ತೀನಿ ಅಂತ ಯಜಮಾನ್ರು ಮಾತು ಕೊಟ್ಟಿದಾರೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ದಮ್ಮಯ್ಯ, ಮೊಣಕೈ ತನಕ ಬ್ಯಾಂಡೇಜ್ ಸುತ್ತಿಬಿಡಿ!’